ಬೆವರು ಆರುವ ತನಕ

ಬಾಗಿಲು ಹಾಕು ತಮಿರ್, ಉಲಾನ್‌ಬಾತರಿನ ಹೊಗೆಯೆಲ್ಲ
ನಿನ್ನ ಹಿಂದೆಯೇ ಒಳಗೆ ಬರ್ತಿದೆ.
ಕನ್ನಡಕ ಮಬ್ಬಾಗಿದೆ, ಒರೆಸಿಕೋ.
ಚೀಟಿ ಕೊಡು.

ಮೂವತ್ತು ಲಕ್ಷ ತುಗ್ರಿಕ್‌ನಲ್ಲಿ
ಇಪ್ಪತ್ನಾಲ್ಕು ಬರೀ ಗ್ರಾಫಿಕ್ಸ್ ಕಾರ್ಡಿಗೇ?
ಮಿಕ್ಕ ಆರರಲ್ಲಿ ಏನು ಕೊಳ್ತೀಯ,
ಪ್ರೊಸೆಸರ್ರೋ, ಪ್ರಾರ್ಥನೆಯೋ?

ನಗಬೇಡ.
ಈ ಗಾಜಿನ ಕಪಾಟಿನ ಹಿಂದೆ
ಹದಿನಾರು ಚಳಿಗಾಲ ಕೂತವನು ನಾನು.
ನಿಮ್ಮೆಲ್ಲರ ಚೀಟಿಯೂ ಒಂದೇ ಥರ:
ಮೇಲಿನ ಸಾಲು ದಪ್ಪಕ್ಷರ, ಎರಡು ಗೆರೆ,
ಕೆಳಗಿಳೀತಾ ಇಳೀತಾ ಪೆನ್ಸಿಲ್ಲೇ ಸೋತು
ಪವರ್ ಸಪ್ಲೈ ಹತ್ತಿರ ಬರೋ ಹೊತ್ತಿಗೆ
'ಯಾವುದಾದರೂ ಸರಿ'.
ಯಾವುದಾದರೂ!
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಕೇಳು.
ಆ ಕಾರ್ಡು ಕುಂಚ ಎತ್ತಿ ಕಾಯ್ತಾ ಇರುತ್ತೆ.
ಏನು ಬರೀಬೇಕು ಅಂತ ಹೇಳಬೇಕಾದ ಪ್ರೊಸೆಸರ್
ಇನ್ನೂ ಬೆರಳು ಮಡಚಿ ಲೆಕ್ಕ ಹಾಕ್ತಿರುತ್ತೆ.
ಶತ್ರು ಕಿಟಕಿ ದಾಟಿ, ಮೆಟ್ಟಿಲು ಹತ್ತಿ,
ನಿನ್ನ ಬೆನ್ನಿಗೇ ಬಂದು ನಿಂತಿರುತ್ತಾನೆ;
ಪರದೆಯ ಮೇಲೆ ಅವನಿನ್ನೂ ಕಿಟಕಿಯಲ್ಲೇ.
ಸತ್ತಿದ್ದು ಸತ್ತಮೇಲೆ ತಿಳಿಯುತ್ತೆ.
ಎತ್ತು ಏರಿಗೆಳೆದು, ಕೋಣ ನೀರಿಗೆಳೆದು,
ದುಡ್ಡು ತೆತ್ತವನು ನಡುವೆ
ನೊಗ ತಬ್ಬಿಕೊಂಡು.

ಗೊತ್ತು ನನಗೆ. ಅಣ್ಣನ ಮೋಟಾರ್‌ಸೈಕಲ್ ಮಾರಿ
ನಾನೂ ಒಂದು ಕಟ್ಟಿದ್ದೆ,
ಎಲ್ಲರೂ ಹೊಗಳಿದ ಪ್ರೊಸೆಸರ್ ಹಾಕಿ,
ಯಾರೂ ಹೆಸರೆತ್ತದ ಮದರ್‌ಬೋರ್ಡಿನ ಮೇಲೆ.
ಮೂರನೇ ರಾತ್ರಿ ಸೀದ ಈರುಳ್ಳಿಯ ವಾಸನೆ.
ಮೋಟಾರ್‌ಸೈಕಲ್ ಕಳುವಾಯ್ತು ಅಂತಲೇ
ಅಣ್ಣ ಇವತ್ತಿಗೂ ನಂಬಿದ್ದಾನೆ.

ಇರಲಿ. ಇದನ್ನು ಎಲ್ಲಿಡ್ತೀಯ?
ಚಿಂಗೆಲ್ತೇ ಗುಡ್ಡದ ಮೇಲೆ, ಉಣ್ಣೆಯ ಗುಡಾರದಲ್ಲಿ.
ಒಲೆಯಿಂದ ಎಷ್ಟು ದೂರ? ಎರಡು ಮಾರು.
ಸಂಜೆ ಎಲ್ಲರೂ ಹೀಟರ್ ಹಾಕಿದಮೇಲೆ
ನಿಮ್ಮ ಬಲ್ಬು ಕಿತ್ತಳೆ ಹಣ್ಣಾಗುತ್ತೆ, ಅಲ್ವಾ?
ಇದನ್ನೆಲ್ಲ ಯಾಕೆ ಚೀಟಿಯಲ್ಲಿ ಬರೆದಿಲ್ಲ?
ಪರದೆ ಯಾವುದು?

ಯಾವುದು?

ಅಯ್ಯೋ ಪುಣ್ಯಾತ್ಮ,
ಅತ್ತೆ ಕೊಟ್ಟ ಹಳೇ ಟಿವಿ!
ಸೆಕೆಂಡಿಗೆ ಅರವತ್ತೇ ಚಿತ್ರ ನುಂಗೋ ಬಾಯಿಗೆ
ನೂರೈವತ್ತು ಬಡಿಸೋಕೆ ಹೊರಟಿದ್ದೆಯಲ್ಲೋ,
ಮಿಕ್ಕಿದ್ದು ನೆಲಕ್ಕಾ?

ಪೆನ್ಸಿಲ್ ಇತ್ತ ಕೊಡು.
ಕಾರ್ಡು ಎರಡು ಮೆಟ್ಟಿಲು ಕೆಳಗಿನದು, ಹನ್ನೊಂದು ಲಕ್ಷಕ್ಕೆ.
ಪ್ರೊಸೆಸರ್ ಅದರ ಹೆಗಲಿಗೆ ಹೆಗಲು ಕೊಡುವಂಥದ್ದು.
ರ್‍ಯಾಮ್ ಜೋಡಿ ತಗೋ,
ಒಂಟಿ ಎತ್ತು ಎಷ್ಟು ದಪ್ಪಗಿದ್ದರೇನು.
ಪವರ್ ಸಪ್ಲೈ ನಾನು ಹೇಳಿದ್ದೇ;
ಇದರಲ್ಲಿ ಚೌಕಾಸಿ ಮಾಡಿದೆಯೋ, ಅಂಗಡಿಯಿಂದಾಚೆ.
ಫ್ಯಾನಿನ ಬಾಯಿಗೆ ಬಲೆ, ಬೂದಿಗೆ.
ಮತ್ತೆ ಅಲ್ಲಿ ಮೂಲೆಯಲ್ಲಿದೆ ನೋಡು
ಕಬ್ಬಿಣದ ಕುಂಬಳಕಾಯಿ, ಸ್ಟೆಬಿಲೈಸರ್.
ದೀಪವಿಲ್ಲ, ಬಣ್ಣವಿಲ್ಲ, ಡಬ್ಬಿಯ ಮೇಲೆ ಚಿತ್ರವಿಲ್ಲ.
ನಿನ್ನ ಗೆಲುವೆಲ್ಲ ಅದರ ಹೊಟ್ಟೆಯಲ್ಲಿದೆ.

ಮುಖ ಯಾಕೆ ಹಾಗಾಯ್ತು?
ಕಣ್ಣು ಎಲ್ಲಿ ನಿಂತಿದೆ ಅಂತ ನನಗೂ ಕಾಣುತ್ತೆ.
ಸರಿ ಬಿಡು. ಹಸಿರು ದೀಪದ ಫ್ಯಾನು ಒಂದು,
ಒಂದೇ ಒಂದು, ನನ್ನ ಕಡೆಯಿಂದ.
ಅದು ಯಾವ ಲೆಕ್ಕಕ್ಕೂ ಸೇರಲ್ಲ,
ಏನನ್ನೂ ಸರಿದೂಗಿಸಲ್ಲ.
ಸುಮ್ಮನೆ ತಿರುಗುತ್ತೆ.

ಹೊರಗೆ ಸೊನ್ನೆಗೂ ಮೂವತ್ತೊಂದು ಕೆಳಗೆ.
ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೋ.
ಮನೆ ಸೇರಿದ ಕೂಡಲೆ ಸ್ವಿಚ್ ಒತ್ತಬೇಡ.
ಚಳಿಯಿಂದ ಒಳಗೆ ಬಂದ ಲೋಹ ಬೆವರುತ್ತೆ,
ಆಗಲೇ ನಿನ್ನ ಕನ್ನಡಕ ಬೆವರಿತಲ್ಲ, ಹಾಗೆ.
ಎರಡು ಗಂಟೆ ಕಾಯಬೇಕು.
ತಂಗಿ 'ಆಯ್ತಾ, ಆಯ್ತಾ' ಅಂತ ಪ್ರಾಣ ತೆಗೀತಾಳೆ.
ಕನ್ನಡಕ ತೆಗೆದು ಅವಳ ಕೈಗೆ ಕೊಡು,
ಗಾಜು ತಿಳಿಯಾಗೋದನ್ನ ನೋಡಲಿ.

ತಿಳಿಯಾದಮೇಲೆ
ಇನ್ನೂ ಒಂದೂವರೆ ಗಂಟೆ.